ಒಂದು ಕೋಲು, ಎರಡು ಕಾಲ

ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶನದ ‘ದಿ ಕಲರ್ ಆಫ್ ಮನಿ’ 1986ರಲ್ಲಿ ತೆರೆಗೆ ಬಂತು. ಪಾಲ್ ನ್ಯೂಮನ್ ಅಭಿನಯಿಸಿದ ಎಡ್ಡಿ, ಆಟ ಬಿಟ್ಟು ವರ್ಷಗಳಾದ ಪೂಲ್ ಆಟಗಾರ. ಟಾಮ್ ಕ್ರೂಸ್‌ನ ವಿನ್ಸೆಂಟ್, ಕೈಚಳಕವಿದ್ದೂ ಬುದ್ಧಿ ಮಾಗದ ಹುಡುಗ. ಎಡ್ಡಿ ಅವನಿಗೆ ಕೊಡುವ ಉಡುಗೊರೆ ಒಂದು ಕ್ಯೂ, ಅಂದರೆ ಪೂಲ್ ಆಡುವ ಕೋಲು. ಅದು ಬಾಲಬುಷ್ಕ ಎಂಬ ಕುಶಲಿ ಮಾಡಿದ್ದು ಎಂದು ಚಿತ್ರ ಹೇಳುತ್ತದೆ. ಹೆಚ್ಚಾಗಿ ಪೂಲ್ ಹಾಲ್‌ಗಳ ಒಳಗಷ್ಟೇ ಓಡಾಡುತ್ತಿದ್ದ ಆ ಹೆಸರು ಅಂದಿನಿಂದ ಬೀದಿಗೂ ಗೊತ್ತಾಯಿತು. ಮಜಾ ಏನೆಂದರೆ, ತೆರೆಯ ಮೇಲೆ ನಾವು ನೋಡುವ ಕ್ಯೂ ಬಾಲಬುಷ್ಕ ಮಾಡಿದ್ದಲ್ಲ; ಅಮೆರಿಕದ್ದೇ ಆದ ಜಾಸ್ ಎಂಬ ಸಂಸ್ಥೆಯದು. ಜಾರ್ಜ್ ಬಾಲಬುಷ್ಕ ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು.

ಸಿನಿಮಾದವರ ಕಣ್ಕಟ್ಟು ಎಂದು ನಗುವ ಮೊದಲು ಅಸಲಿ ಬಾಲಬುಷ್ಕವನ್ನೇ ಸ್ವಲ್ಪ ವಿಚಾರಿಸಬೇಕು. ನೋಡುವವರ ಕಣ್ಣು ಮೊದಲು ಹೋಗಿ ನಿಲ್ಲುವುದು ಅದರ ಮುಂಗೈ ಭಾಗದ ಮೇಲೆ. ತಿಳಿ ಬಣ್ಣದ ಮೇಪಲ್ ಮರದೊಳಕ್ಕೆ ಕಪ್ಪು ಮರದ ಚೂಪು ಬೆಣೆಗಳು ಏರಿಹೋಗಿರುವ ಜಾಗ ಅದು. ಆ ಬೆಣೆಗಳ ಕೂಡಿಕೆ ಬಹುಪಾಲು ಬೇರೆಯವರ ಕೈಕೆಲಸ. ಮೊದಮೊದಲು ಬ್ರನ್ಸ್‌ವಿಕ್ ಕಂಪನಿಯ ಸಿದ್ಧ ಕ್ಯೂಗಳಿಂದ, 1960ರ ದಶಕದ ನಡುವಿನಿಂದ ಶಿಕಾಗೋದ ಬರ್ಟನ್ ಸ್ಪೇನ್ ಅವರಿಂದ, ಆಮೇಲೆ ಪೆನ್ಸಿಲ್ವೇನಿಯಾದ ಗಸ್ ಝಾಂಬೋಟಿ ಅವರಿಂದ ಆ ಮರ ಬರುತ್ತಿತ್ತು. ಅದನ್ನು ಲೇತಿಗೆ ಕಟ್ಟಿ ಹದ ಮಾಡಿ, ಹಿಡಿ ಸುತ್ತಿ, ಎರಡು ತುಂಡು ಸೇರುವ ಜಾಯಿಂಟ್ ಕೂರಿಸಿ, ಮುಂದಿನ ತುಂಡಾದ ಶಾಫ್ಟ್ ತಿರುವಿ, ಇಡೀ ಕೋಲಿಗೆ ಒಂದು ತೂಕ, ಒಂದು ಸಮತೋಲ, ಒಂದು ನುಡಿ ಕೊಟ್ಟವರು ಬಾಲಬುಷ್ಕ. ಕ್ಯೂ ಎಂಬ ವಸ್ತು ಯಾವತ್ತೂ ಒಬ್ಬರ ಸೃಷ್ಟಿಯಾಗಿರಲಿಲ್ಲ, ಒಂದೇ ಕಾಲದ್ದೂ ಆಗಿರಲಿಲ್ಲ. ನಡುವೆ ತಿರುಪು ಬಿಚ್ಚಿದರೆ ಎರಡಾಗುವ ಈ ಕೋಲಿನ ರುಚಿ ಹತ್ತಬೇಕಾದರೆ ಆ ಎರಡು ತುಂಡುಗಳು ಬೇರೆ ಬೇರೆ ದಾರಿ ಹಿಡಿದು ಬೆಳೆದುಬಂದ ಕಥೆ ಗೊತ್ತಿರಬೇಕು.

ಆರಂಭದ ಕಥೆ ಚಿಕ್ಕದು. ಯುರೋಪಿನ ಶ್ರೀಮಂತರು ಮೇಜಿನ ಮೇಲೆ ಬಿಲಿಯರ್ಡ್ಸ್ ಆಡಲು ತೊಡಗಿದಾಗ ಚೆಂಡನ್ನು ಹೊಡೆಯುತ್ತಿರಲಿಲ್ಲ, ದಪ್ಪ ತಲೆಯ ದಾಂಡಿನಿಂದ ತಳ್ಳುತ್ತಿದ್ದರು. ಚೆಂಡು ಅಂಚಿಗೆ ಅಂಟಿಕೊಂಡು ನಿಂತರೆ ಆ ತಲೆ ಅಡ್ಡ ಬರುತ್ತಿತ್ತು; ಆಗ ದಾಂಡನ್ನು ತಿರುಗಿಸಿ ಹಿಡಿಯ ತೆಳು ತುದಿಯಿಂದ ಹೊಡೆಯುವುದು ರೂಢಿಯಾಯಿತು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಆ ಹಿಡಿಯೇ ಆಟದ ಸಾಧನವಾಗಿ ನಿಂತಿತು. ಬರಿಯ ಮರದ ತುದಿ ಚೆಂಡಿನ ನಡುವಿಗೆ ತಾಗಿದರೆ ಸರಿ, ಬದಿಗೆ ತಾಗಿದರೆ ಜಾರುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಂಗೋ ತುದಿಗೆ ಚರ್ಮದ ಟಿಪ್ ಹಾಕಿ ಆ ಜಾರುವಿಕೆಗೆ ಮದ್ದು ಕಂಡುಕೊಂಡರು. ಸೆರೆಮನೆಯಲ್ಲಿದ್ದಾಗ ಅದನ್ನು ಸಾಧಿಸಿದರು ಎಂಬುದು ಪ್ರತೀತಿ. ಇಂಗ್ಲೆಂಡಿನ ಬಾತ್ ಊರಿನ ಜ್ಯಾಕ್ ಕಾರ್, ಟಿಪ್‌ಗೆ ಬಳಿಯುವ ಚಾಕ್ ಪುಡಿಯನ್ನು ಮಾಯಾಚೂರ್ಣವೆಂದು ಮಾರಿ ದುಡ್ಡು ಮಾಡಿಕೊಂಡರು. 1897ರಲ್ಲಿ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಮಿಶ್ರಣದಿಂದ ಇಂದಿನ ಗಟ್ಟಿ ಚಾಕಿನ ಘನ ಬಂತು. ಚರ್ಮ, ಚಾಕ್ ಎರಡೂ ಸೇರಿದ್ದರಿಂದ ಚೆಂಡಿಗೆ ಸ್ಪಿನ್ ಕೊಡುವುದು ಕಲೆಯಾಯಿತು. ಮುಂದೆ ಎರಡು ಶತಮಾನ ಕ್ಯೂ ತಯಾರಕರಿಗೆ ಕೆಲಸ ಕೊಟ್ಟದ್ದು, ತಲೆನೋವನ್ನೂ ಕೊಟ್ಟದ್ದು, ಈ ಸ್ಪಿನ್ನೇ.

ಮೊದಲು ಹಿಂದಿನ ತುಂಡನ್ನು ನೋಡೋಣ. ಬಟ್ ಎಂದು ಕರೆಯುವ ಈ ಭಾಗದಲ್ಲೇ ಅಲಂಕಾರವೆಲ್ಲ ಇರುವುದು. ಆ ಅಲಂಕಾರದ ಮೂಲ ಮಾತ್ರ ಶುದ್ಧ ಉಪಯೋಗ. ಕ್ಯೂವಿನ ಮುಂಭಾಗ ಹಗುರವಾಗಿ, ಹುರಿಗೊಂಡಂತೆ ಇರಬೇಕು. ಹಿಂಭಾಗಕ್ಕೆ ತೂಕ ಬೇಕು. ಒಂದೇ ಮರ ಎರಡನ್ನೂ ಕೊಡುವುದಿಲ್ಲ. ಮುಂದಕ್ಕೆ ಮೇಪಲ್, ಹಿಂದಕ್ಕೆ ಎಬೊನಿಯಂಥ ಕರಿಮರ ಅಥವಾ ಬೀಟೆ ಹಾಕಿದರೆ ಸರಿ, ಆದರೆ ಎರಡನ್ನೂ ಕೂಡಿಸುವುದು ಹೇಗೆ? ಅಡ್ಡಕ್ಕೆ ಕೊಯ್ದ ಎರಡು ಮುಖಗಳನ್ನು ಅಂಟಿಸಿದರೆ ಅದು ಪೆಟ್ಟಿಗೆ ನಿಲ್ಲದು. ಮರದ ತುದಿಮುಖ ಅಂಟನ್ನು ಹೀರಿಕೊಂಡುಬಿಡುತ್ತದೆ. ಆದ್ದರಿಂದ ಎರಡೂ ಮರಗಳನ್ನು ಉದ್ದುದ್ದ ಬೆಣೆಗಳಾಗಿ ಕೊಯ್ದು, ಒಂದರ ಸಂದಿಗೆ ಇನ್ನೊಂದನ್ನು ತೂರಿಸಿ ಅಂಟಿಸಿದರು. ಎಳೆಗೆ ಎಳೆ ತಾಗಿ ಕೂತ ಈ ಕೂಡಿಕೆಯನ್ನು ಲೇತಿನ ಮೇಲೆ ದುಂಡಗೆ ತಿರುವಿದಾಗ ಮೇಲ್ಮೈಯಲ್ಲಿ ನಾಲ್ಕು ಚೂಪುಗಳು ತಾವಾಗಿ ಮೂಡಿದವು. ಯಾರೂ ಅವನ್ನು ಬಿಡಿಸಲಿಲ್ಲ, ಕೆತ್ತಲೂ ಇಲ್ಲ. ಓರೆಯಾಗಿ ಹೋದ ಬೆಣೆಯೊಂದು ದುಂಡು ಮೈಯನ್ನು ಸಂಧಿಸುವ ಗೆರೆ ಹಾಗೇ ಚೂಪಾಗಿರುತ್ತದೆ, ಅಷ್ಟೆ. ಪಾಯಿಂಟ್ ಎಂದು ತಯಾರಕರು ಕರೆಯುವ ಈ ಆಕಾರ ಇಂದಿಗೂ ಕ್ಯೂವಿನ ಮುಖಲಕ್ಷಣ.

ಬ್ರನ್ಸ್‌ವಿಕ್ ಕಂಪನಿಯ ‘ಟೈಟ್ಲಿಸ್ಟ್’ ಎಂಬ ಒಂದೇ ತುಂಡಿನ ಕ್ಯೂ ಅಮೆರಿಕದ ಪೂಲ್ ಹಾಲ್‌ಗಳ ಗೋಡೆಗೆ ಒರಗಿ ನಿಂತಿರುತ್ತಿದ್ದ ಸಾಮಾನ್ಯ ಕೋಲು. ಬಾಡಿಗೆ ಕೊಟ್ಟ ಯಾರಾದರೂ ಎತ್ತಿಕೊಂಡು ಆಡಬಹುದಿತ್ತು. ಆದರೆ ಅದರ ಬೆಣೆಗೂಡಿಕೆ ಎಷ್ಟು ಬಿಗಿಯಾಗಿತ್ತೆಂದರೆ, ಕುಶಲಿಗಳು ಅದನ್ನು ಕೊಂಡು, ಕತ್ತರಿಸಿ, ಮತ್ತೆ ತಿರುವಿ, ಎರಡು ತುಂಡಿನ ಸ್ವಂತ ಕ್ಯೂ ಮಾಡತೊಡಗಿದರು. ಈ ಹಾದಿಯ ಹಿರಿಯರು ಶಿಕಾಗೋದ ಹರ್ಮನ್ ರ‍್ಯಾಂಬೋ. ಬ್ರನ್ಸ್‌ವಿಕ್‌ನಲ್ಲಿ ಪಳಗಿ, ಆಮೇಲೆ ಸ್ವಂತ ಅಂಗಡಿ ಇಟ್ಟ ಅವರು ವಿಲ್ಲಿ ಹಾಪೆ, ವಿಲ್ಲಿ ಮೋಸ್ಕೋನಿಯಂಥ ದಿಗ್ಗಜರಿಗೆ ಕ್ಯೂ ಮಾಡಿಕೊಟ್ಟರು. ನಡುವಿನ ತಿರುಪು ಅಲುಗಾಡದೆ ಕೂರುವಂತೆ ಮಾಡಿ, ಎರಡು ತುಂಡಿನ ಕ್ಯೂಗೆ ಒಂದೇ ತುಂಡಿನ ನಂಬಿಕೆ ತಂದುಕೊಟ್ಟವರಲ್ಲಿ ಅವರ ಹೆಸರು ಮೊದಲು ಬರುತ್ತದೆ. 1967ರಲ್ಲಿ ಅವರು ತೀರಿಕೊಂಡಾಗ ಬ್ರೂಕ್ಲಿನ್‌ನಲ್ಲಿ ಬಾಲಬುಷ್ಕರ ಲೇತು ಬಿಡುವಿಲ್ಲದೆ ತಿರುಗುತ್ತಿತ್ತು.

1912ರಲ್ಲಿ ರಷ್ಯದಲ್ಲಿ ಹುಟ್ಟಿ, 1924ರಲ್ಲಿ ಹುಡುಗನಾಗಿ ಅಮೆರಿಕಕ್ಕೆ ಬಂದ ಬಾಲಬುಷ್ಕ ಬೆಳೆದದ್ದು ಮರಗೆಲಸದವರಾಗಿ. 1959ರಲ್ಲಿ ಪಾಲುದಾರರೊಬ್ಬರ ಜೊತೆ ಪೂಲ್ ಹಾಲ್ ಒಂದನ್ನು ಕೊಂಡರು. ಮೊದಲು ರಿಪೇರಿ, ಆಮೇಲೆ ಗೆಳೆಯರಿಗೆ ಉಡುಗೊರೆ, ಕೊನೆಗೆ ಅದೇ ಕಸುಬು. 1975ರಲ್ಲಿ ತೀರಿಕೊಳ್ಳುವವರೆಗೆ ಅವರು ಮಾಡಿದ್ದು ಸಾವಿರ ಚಿಲ್ಲರೆ ಕ್ಯೂ. ನೋಡಲು ಅವು ಬಹಳ ಸಂಯಮದವು: ಹಕ್ಕಿಗಣ್ಣಿನ ಚುಕ್ಕೆಗಳಿರುವ ಮೇಪಲ್, ನಾಲ್ಕು ಪಾಯಿಂಟ್, ಪ್ರತಿ ಪಾಯಿಂಟಿನ ಅಂಚಿಗೆ ಕಾಗದದಷ್ಟು ತೆಳುವಾದ ಬಣ್ಣದ ವೆನೀರ್ ಪಟ್ಟಿಗಳು, ಹಿಡಿಗೆ ಚುಕ್ಕೆಚುಕ್ಕೆಯ ಐರಿಷ್ ಲಿನನ್ ದಾರ, ಅಲ್ಲೊಂದು ಇಲ್ಲೊಂದು ಮುತ್ತಿನ ಚಿಪ್ಪಿನ ಬಿಲ್ಲೆ. ಅಮೆರಿಕದ ಕ್ಯೂ ಹೇಗಿರಬೇಕು ಎಂಬುದಕ್ಕೆ ಅಲಿಖಿತ ವ್ಯಾಕರಣವೊಂದು ಇಲ್ಲಿ ಸಿದ್ಧವಾಯಿತು. ಆಮೇಲೆ ಬಂದವರು ಅದನ್ನು ಪಾಲಿಸಿದರು, ಇಲ್ಲವೇ ಬೇಕೆಂದೇ ಮುರಿದರು. ಅದನ್ನು ಅರಿಯದೆ ಕ್ಯೂ ಮಾಡಿದವರು ಕಡಿಮೆ.

ಒಳ್ಳೆಯ ಬಟ್ ಕೈಗೆ ಬಂದಾಗ ತಿಳಿದವರು ಮೊದಲು ಪಾಯಿಂಟ್‌ಗಳ ತುದಿಯನ್ನು ಸುತ್ತಲೂ ತಿರುಗಿಸಿ ನೋಡುತ್ತಾರೆ. ಎಲ್ಲವೂ ಒಂದೇ ಎತ್ತರಕ್ಕೆ ಮುಗಿದಿವೆಯೇ? ಪ್ರಶ್ನೆ ಸಣ್ಣದೆನಿಸಬಹುದು, ಲೆಕ್ಕ ಹಾಕಿದರೆ ಅದರ ಕಷ್ಟ ತಿಳಿಯುತ್ತದೆ. ಬೆಣೆ ಕೂರುವ ತೋಡಿನ ತಳ ಹತ್ತು ಇಂಚು ಉದ್ದದಲ್ಲಿ ಅರ್ಧ ಇಂಚು ಮೇಲೇರುತ್ತದೆ ಎಂದಿಟ್ಟುಕೊಳ್ಳಿ, ಇಪ್ಪತ್ತಕ್ಕೆ ಒಂದು. ಲೇತಿನ ಮೇಲೆ ಮರದ ನಡು ಇಂಚಿನ ನೂರನೇ ಒಂದು ಪಾಲು ಸರಿದರೂ ಒಂದು ಕಡೆಯ ಪಾಯಿಂಟ್ ಇಂಚಿನ ಐದನೇ ಒಂದು ಪಾಲು ಉದ್ದವಾಗುತ್ತದೆ, ಎದುರಿನದು ಅಷ್ಟೇ ಗಿಡ್ಡವಾಗುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಪಾಯಿಂಟ್ ಇಪ್ಪತ್ತು ಪಟ್ಟು ಹಿಗ್ಗಿಸಿ ಊರಿಗೆಲ್ಲ ತೋರಿಸುತ್ತದೆ. ಮೇಲಾಗಿ ಮರ ಸುಮ್ಮನಿರುವುದಿಲ್ಲ. ಇಂದು ನೆಟ್ಟಗೆ ತಿರುವಿಟ್ಟದ್ದು ಒಳಗಿನ ಬಿಗಿತ ಸಡಿಲವಾಗಿ ತಿಂಗಳಲ್ಲಿ ಕೂದಲೆಳೆಯಷ್ಟು ಬಾಗುತ್ತದೆ. ಹಾಗಾಗಿ ಒಮ್ಮೆಗೇ ಅಳತೆಗೆ ಇಳಿಸುವುದಿಲ್ಲ. ಸ್ವಲ್ಪ ತೆಗೆದು ತೂಗುಹಾಕುವುದು, ವಾರಗಟ್ಟಲೆ ಬಿಡುವುದು, ಮತ್ತೆ ಸ್ವಲ್ಪ ತೆಗೆಯುವುದು. ನಾಲ್ಕು ಪಾಯಿಂಟ್ ಸಮನಾಗಿ ನಿಂತ ಬಟ್ ಎಂದರೆ ಮರದ ಹಟವನ್ನು ತಾಳ್ಮೆಯಿಂದ ಗೆದ್ದದ್ದಕ್ಕೆ ಸಾಕ್ಷಿ.

ಆಮೇಲೆ ವೆನೀರ್. ಒಂದು ಪಾಯಿಂಟಿನ ಸುತ್ತ ನಾಲ್ಕು ಬಣ್ಣದ ಪಟ್ಟಿಗಳಿದ್ದರೆ, ತುದಿಯಲ್ಲಿ ಅವು ಮಡಚಿ ಸೇರುವ ಮೂಲೆ ಚೂರಿಯಲ್ಲಿ ಕೊಯ್ದಂತೆ ಚೊಕ್ಕವಾಗಿರಬೇಕು. ಅಂಟಿನ ಗೆರೆ ಕಾಣಬಾರದು. ಕಿತ್ತಳೆ, ಹಸಿರು, ಕಪ್ಪು, ಬಿಳಿ ಒಂದರ ಪಕ್ಕ ಒಂದು ಬಂದಾಗ ಯಾವುದೂ ಕೂಗಬಾರದು. ಝಾಂಬೋಟಿ ಅವರ ಕ್ಯೂಗಳನ್ನು ಬಲ್ಲವರು ದೂರದಿಂದಲೇ ಗುರುತಿಸುವುದು ಈ ಬಣ್ಣಗಳ ಜೋಡಣೆಯಿಂದ. ಗಸ್ 1988ರಲ್ಲಿ ತೀರಿಕೊಂಡರು, ಮಗ ಬ್ಯಾರಿ ಆ ಕೆಲಸ ಮುಂದುವರಿಸಿದರು. ಬರ್ಟನ್ ಸ್ಪೇನ್ ಅವರ ಬಳಿ ಕಲಿತ ಜೋಯೆಲ್ ಹರ್ಸೆಕ್ ಪೂರ್ಣ ಬೆಣೆಗೂಡಿಕೆಯ ಪದ್ಧತಿಯನ್ನು ಕೈಬಿಡಲಿಲ್ಲ. ಪುಸ್ತಕ ಓದಿ ಬರುವ ವಿದ್ಯೆಯಲ್ಲ ಇದು. ಒಬ್ಬರ ಕೈ ನೋಡಿ ಇನ್ನೊಬ್ಬರ ಕೈ ಕಲಿಯಬೇಕು.

ಹಿಡಿಯ ದಾರದ ವಿಷಯಕ್ಕೂ ಒಂದು ಗಳಿಗೆ ನಿಲ್ಲಬೇಕು. ಲೇತನ್ನು ನಿಧಾನ ತಿರುಗಿಸುತ್ತ ಲಿನನ್ ದಾರವನ್ನು ಒಂದರ ಮಗ್ಗುಲಿಗೆ ಒಂದು, ಸಂದಿಲ್ಲದೆ, ಮೇಲೇರದೆ ಸುತ್ತುತ್ತಾರೆ. ಆಮೇಲೆ ಗಂಜಿ ಹಚ್ಚಿ, ಉಜ್ಜಿ ಒತ್ತಿ ಕೂರಿಸುತ್ತಾರೆ. ಸುತ್ತುವ ಜಾಗದಲ್ಲಿ ಮರವನ್ನು ದಾರದ ದಪ್ಪದಷ್ಟೇ ತಗ್ಗಿಸಿರುತ್ತಾರೆ. ಕಣ್ಣು ಮುಚ್ಚಿ ಬೆರಳೆಳೆದರೆ ಮರ ಮುಗಿದು ದಾರ ಶುರುವಾದದ್ದು ಮೆಟ್ಟಿಲಾಗಿ ತಾಗಬಾರದು, ಬರೀ ನುಣುಪಿನಿಂದ ಒರಟಿಗೆ ದಾಟಿದ ಅನುಭವವಾಗಬೇಕು. ಬೆವರುವ ಅಂಗೈಗೆ ಲಿನನ್ ಹಿತ. ಚರ್ಮದ ಸುತ್ತು ಬೇಕೆನ್ನುವವರೂ ಇದ್ದಾರೆ, ಸುತ್ತೇ ಬೇಡ, ಬರೀ ಮರ ಸಾಕು ಎನ್ನುವವರೂ ಇದ್ದಾರೆ.

ಇಷ್ಟೆಲ್ಲ ಹೊಗಳಿದ ಪಾಯಿಂಟ್‌ಗಳ ಇಂದಿನ ಸ್ಥಿತಿ ಕುತೂಹಲದ್ದು. ಈಗ ಅನೇಕ ಕ್ಯೂಗಳಲ್ಲಿ ಬಟ್‌ನ ಸುಂದರ ಮರವನ್ನು ಉದ್ದಕ್ಕೂ ಕೊರೆದು, ಒಳಗೆ ಪದರಪದರವಾಗಿ ಅಂಟಿಸಿದ ಮೇಪಲ್‌ನ ನೇರ ತಿರುಳನ್ನು ತೂರಿಸುತ್ತಾರೆ. ಗಂಟುಗಂಟಾದ ಬರ್ಲ್, ಹಾವಿನ ಮೈಯಂಥ ಗೆರೆಗಳ ಸ್ನೇಕ್‌ವುಡ್ ಇವೆಲ್ಲ ನೋಡಲು ಸೊಗಸು, ಸ್ವಭಾವದಲ್ಲಿ ಚಂಚಲ, ಬಾಗುತ್ತವೆ, ಬಿರಿಯುತ್ತವೆ. ಒಳಗೆ ತಿರುಳು ನೆಟ್ಟಗಿದ್ದರೆ ಮೇಲಿನ ಮರ ಚರ್ಮವಾಗಿ ಉಳಿದರೆ ಸಾಕು. ಅಂದರೆ, ಒಂದು ಕಾಲಕ್ಕೆ ಕ್ಯೂವನ್ನೇ ಹಿಡಿದು ನಿಲ್ಲಿಸುತ್ತಿದ್ದ ಬೆಣೆಗಳು ಈಗ ಭಾರ ಹೊರಬೇಕಾಗಿಲ್ಲ. ಎಷ್ಟೋ ಕಡೆ ಅವು ತೋಡು ತೆಗೆದು ಅಂಟಿಸಿದ ಗಿಡ್ಡ ಬೆಣೆಗಳು. ಕೆಲಸ ಹೋದ ಮೇಲೂ ಆಕಾರ ಉಳಿಯಿತು. ಇದನ್ನು ಟೊಳ್ಳು ಎಂದು ತಳ್ಳಿಹಾಕುವವರನ್ನು ಬಲ್ಲೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲ್ಲಿನ ಗುಡಿಗಳಲ್ಲಿ ಮರದ ಕಟ್ಟಡದ ತೊಲೆ-ಜಂತೆಗಳ ಆಕಾರ ಉಳಿದುಬಂದದ್ದನ್ನು ನಾವು ಮೆಚ್ಚಿ ನೋಡುತ್ತೇವಲ್ಲ. ಕಸುಬು ತನ್ನ ಹಿಂದಣ ಹೆಜ್ಜೆಯನ್ನು ಗೌರವದಿಂದ ಗುರುತಿಟ್ಟುಕೊಳ್ಳುವ ಬಗೆ ಅದು.

ಸಾಮಗ್ರಿಯ ವಿಷಯದಲ್ಲಿ ಕಾಲ ಇಷ್ಟು ಮೃದುವಾಗಿ ಸರಿಯಲಿಲ್ಲ. ಆನೆದಂತ ಕ್ಯೂಗಳಲ್ಲಿ ಬಹಳ ದಿನ ಬಾಳಿತು: ಟಿಪ್‌ನ ಕೆಳಗಿನ ಬಿಳಿ ಫೆರೂಲ್ ಆಗಿ, ಜಾಯಿಂಟ್ ಆಗಿ, ಬಟ್‌ನಲ್ಲಿ ಕೊರೆದು ಕೂರಿಸುವ ಇನ್‌ಲೇ ಆಗಿ. 1990ರಲ್ಲಿ ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. 2016ರಲ್ಲಿ ಅಮೆರಿಕ ಒಳನಾಡಿನ ವಹಿವಾಟನ್ನೂ ಹೆಚ್ಚುಕಡಿಮೆ ಮುಚ್ಚಿತು. ಬ್ರೆಜಿಲ್‌ನ ರೋಸ್‌ವುಡ್ 1992ರಿಂದ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. 2017ರಲ್ಲಿ ಇಡೀ ಡಾಲ್ಬೆರ್ಜಿಯಾ ಕುಲ ನಿಯಂತ್ರಣಕ್ಕೆ ಬಂತು. ಈ ಕುಲದಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ ಇದೆ, ಕ್ಯೂ ತಯಾರಕರಿಗೆ ಅಚ್ಚುಮೆಚ್ಚಿನ ಮಧ್ಯ ಅಮೆರಿಕದ ಕೋಕೋಬೋಲೋ ಕೂಡ. ಅಲ್ಲಿನವರು ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದು ಕರೆದು ಬಟ್‌ಗೆ ಬಳಸುವ ಮರ ನಮ್ಮ ಬೀಟೆಯೇ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತದ ಇನ್‌ಲೇ ಇರುವ ಬೀಟೆಯ ಬಾಗಿಲನ್ನು ನೋಡಿದವರಿಗೆ ಕಪ್ಪುಗೆಂಪು ಮರದೊಳಗೆ ಹಾಲುಬಿಳಿ ಕೂತಾಗಿನ ಬೆಡಗು ಎಂಥದೆಂದು ಹೇಳಬೇಕಾಗಿಲ್ಲ. ಮೈಸೂರಿನ ಇನ್‌ಲೇ ಕುಶಲಿಗಳೂ ದಂತವನ್ನು ಬಿಟ್ಟು ಬೇರೆ ಮರ, ಪ್ಲಾಸ್ಟಿಕ್ಕಿನ ಕಡೆ ತಿರುಗಬೇಕಾಯಿತು. ಪೆನ್ಸಿಲ್ವೇನಿಯಾದ ಲೇತು, ಮೈಸೂರಿನ ಉಳಿ ಎರಡೂ ಒಂದೇ ಪಾಠ ಕಲಿತವು.

ಪಾಠ ಕಲಿತದ್ದರಿಂದ ಕ್ಯೂ ಸೊರಗಲಿಲ್ಲ. ಫೆರೂಲ್‌ಗೆ ಬಂದ ಹೊಸ ಪ್ಲಾಸ್ಟಿಕ್‌ಗಳು ದಂತದಂತೆ ಬಿರಿಯಲಿಲ್ಲ. ಬಟ್ಟೆಯ ಪದರಕ್ಕೆ ರಾಳ ಕುಡಿಸಿ ಒತ್ತಿದ ಫೀನಾಲಿಕ್ ತೇವಕ್ಕೆ ಜಗ್ಗಲಿಲ್ಲ. ಶತಮಾನದ ಹಿಂದೆ ತೆಪ್ಪಗಳಲ್ಲಿ ಸಾಗಿಸುವಾಗ ಸುಪೀರಿಯರ್ ಸರೋವರದಲ್ಲಿ ಮುಳುಗಿಹೋದ ದಿಮ್ಮಿಗಳನ್ನು ಮೇಲೆತ್ತಿ ಕೆಲವರು ಶಾಫ್ಟ್ ಮಾಡಿದರು. ದಟ್ಟ ಕಾಡಿನ ನೆರಳಲ್ಲಿ ನಿಧಾನ ಬೆಳೆದ ಆ ಮೇಪಲ್‌ನಲ್ಲಿ ಬೆಳವಣಿಗೆಯ ಗೆರೆಗಳು ಒತ್ತೊತ್ತಾಗಿವೆ. ಇಂಚಿಗೆ ಎಷ್ಟು ಗೆರೆ ಎಂದು ಎಣಿಸಿ ಶಾಫ್ಟ್ ಆರಿಸುವ ಆಟಗಾರರಿಗೆ ಇದಕ್ಕಿಂತ ಹಬ್ಬವಿಲ್ಲ.

ಯಂತ್ರ ಬಂದಾಗ ಎದ್ದ ತಕರಾರು ಇನ್ನೂ ಆರಿಲ್ಲ. ಮೊದಲು ಪ್ಯಾಂಟೋಗ್ರಾಫ್ ಇತ್ತು: ದೊಡ್ಡ ಅಚ್ಚಿನ ಮೇಲೆ ಕೈಯಿಂದ ಕಡ್ಡಿ ಆಡಿಸಿದರೆ ಅದೇ ಆಕಾರ ಚಿಕ್ಕದಾಗಿ ಮರದಲ್ಲಿ ಕೊರೆಯುತ್ತಿತ್ತು. ಆಮೇಲೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಬಂತು. ಇನ್‌ಲೇಗಳ ಸಂಖ್ಯೆ ಹತ್ತರಿಂದ ನೂರಕ್ಕೆ ಏರಿತು. ಬಳ್ಳಿ, ರೆಕ್ಕೆ, ಚಿತ್ತಾರ ಎಲ್ಲ ಸಾಧ್ಯವಾಯಿತು. ಇದೆಲ್ಲ ಗುಂಡಿ ಒತ್ತಿದರೆ ಆಗುವ ಕೆಲಸ ಎಂದು ಹಳಬರು ಮೂಗು ಮುರಿದರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತಿರುಗುವ ಕಟರ್ ಎಷ್ಟೇ ಸಣ್ಣದಿರಲಿ, ಅದು ದುಂಡು. ಅದು ತೆಗೆದ ಗುಳಿಯ ಮೂಲೆಯೂ ಕಟರಿನಷ್ಟೇ ದುಂಡಾಗಿರುತ್ತದೆ. ಚೊಕ್ಕ ಚೂಪು ಮೂಲೆ ಬೇಕೆಂದರೆ ಯಾರಾದರೂ ಕೂತು ಕೈಯಿಂದ ಉಳಿ ಹಾಕಬೇಕು. ಹಾಗಾಗಿ ಇನ್‌ಲೇ ನೋಡುವವರು ಭೂತಗನ್ನಡಿ ಹಿಡಿದು ಮೂಲೆಗೆ ಹೋಗುತ್ತಾರೆ. ಯಂತ್ರ ಎಲ್ಲಿಗೆ ಬಿಟ್ಟಿತು, ಕೈ ಎಲ್ಲಿಂದ ಹಿಡಿಯಿತು ಎಂಬುದು ಅಲ್ಲಿ ಬರೆದಿರುತ್ತದೆ. ದುಂಡು ಮೂಲೆಯನ್ನೇ ವಿನ್ಯಾಸದ ಭಾಗವಾಗಿಸಿ ಗೆದ್ದವರೂ ಇದ್ದಾರೆ. ಕೆಟ್ಟದ್ದೆಂದರೆ ದುಂಡಾದದ್ದನ್ನು ಚೂಪೆಂದು ನಂಬಿಸಲು ಹೊರಡುವುದು ಮಾತ್ರ.

ಈಗ ಮುಂದಿನ ತುಂಡು. ಶಾಫ್ಟ್ ನೋಡಲು ಏನೂ ಅಲ್ಲ: ಬಿಳಿಚು ಮೇಪಲ್‌ನ ಕಡ್ಡಿ, ತುದಿಗೆ ಫೆರೂಲ್, ಅದರ ಮೇಲೆ ಹನ್ನೆರಡು-ಹದಿಮೂರು ಮಿಲಿಮೀಟರಿನ ಚರ್ಮದ ಟಿಪ್. ಅಲಂಕಾರಕ್ಕೆ ಇಲ್ಲಿ ಜಾಗವೇ ಇಲ್ಲ. ಆದರೆ ಕಳೆದ ಮೂವತ್ತು ವರ್ಷದ ಅತಿ ದೊಡ್ಡ ಬದಲಾವಣೆ ಆದದ್ದು ಇಲ್ಲಿಯೇ. ಚೆಂಡಿನ ನಡುವಿನಿಂದ ಬಲಕ್ಕೆ ಸರಿದು ಹೊಡೆದರೆ ಚೆಂಡು ಬುಗುರಿಯಾಡುತ್ತದೆ, ಜೊತೆಗೆ ಗುರಿಯಿಂದ ತುಸು ಎಡಕ್ಕೂ ಸರಿಯುತ್ತದೆ. ಸ್ಪಿನ್ ಬೇಕು, ಸರಿತ ಬೇಡ. ಎರಡೂ ಒಟ್ಟಿಗೇ ಬರುತ್ತವೆ. ಆಟಗಾರರು ವರ್ಷಗಟ್ಟಲೆ ಅಭ್ಯಾಸ ಮಾಡಿ ಆ ಸರಿತವನ್ನು ಕಣ್ಣಂದಾಜಿನಲ್ಲಿ ಕಳೆಯುತ್ತಿದ್ದರು. ಭೂಮಿಯ ತಿರುಗುವಿಕೆಗೆ ಸಂಬಂಧಿಸಿದ ಬಲದಿಂದ ಹೆಸರಾದ ಫ್ರೆಂಚ್ ವಿಜ್ಞಾನಿ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಗಣಿತ ಬರೆದಿದ್ದರು. ಆ ಪುಸ್ತಕದಿಂದ ಕಾರ್ಖಾನೆಗೆ ದಾರಿ ಸವೆಯಲು ಒಂದೂವರೆ ಶತಮಾನ ಬೇಕಾಯಿತು.

ಟಿಪ್ ಮತ್ತು ಚೆಂಡು ತಾಗಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು. ಆ ಅವಧಿಯಲ್ಲಿ ಪೆಟ್ಟಿನ ಅಡ್ಡ ಅಲುಗಾಟ ಶಾಫ್ಟಿನಲ್ಲಿ ಕೆಲವೇ ಇಂಚು ಹಿಂದಕ್ಕೆ ಸಾಗಿರುತ್ತದೆ. ಹಾಗಾಗಿ ಚೆಂಡು ಬದಿಗೆ ಎಷ್ಟು ಸರಿಯಬೇಕೆಂದು ತೀರ್ಮಾನಿಸುವುದು ತುದಿಯ ಆ ಕೆಲವು ಇಂಚುಗಳ ತೂಕ. ತುದಿ ಭಾರವಿದ್ದರೆ ಅದು ಚೆಂಡನ್ನು ಬದಿಗೆ ನೂಕುತ್ತದೆ. ಹಗುರವಿದ್ದರೆ ತಾನೇ ಪಕ್ಕಕ್ಕೆ ಸರಿದುಕೊಳ್ಳುತ್ತದೆ. 1994ರಲ್ಲಿ ಫ್ಲಾರಿಡಾದಲ್ಲಿ ಶುರುವಾದ ಪ್ರಿಡೇಟರ್ ಕಂಪನಿ ‘ಐರನ್ ವಿಲ್ಲಿ’ ಎಂಬ ಹೊಡೆಯುವ ಯಂತ್ರ ಇಟ್ಟುಕೊಂಡು ಇದನ್ನು ಅಳೆಯಿತು. ‘314’ ಎಂದು ಹೆಸರಾದ ಅದರ ಶಾಫ್ಟನ್ನು ಮೇಪಲ್‌ನ ಹತ್ತು ಪಾಲುಗಳನ್ನು ಕಿತ್ತಳೆಯ ತೊಳೆಗಳ ಹಾಗೆ ನಡುವಿನ ಸುತ್ತ ಕೂಡಿಸಿ ಮಾಡುತ್ತಾರೆ. ಒಂದೇ ಮರದ ಶಾಫ್ಟಿನಲ್ಲಿ ಎಳೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ತಿರುಗಿಸಿ ಹಿಡಿದಂತೆ ಪೆಟ್ಟು ಬೇರೆಯಾಗುತ್ತದೆ. ಹತ್ತು ಪಾಲಿನದರಲ್ಲಿ ಯಾವ ಕಡೆ ಹಿಡಿದರೂ ಒಂದೇ. ತುದಿಯ ಒಳಗೆ ಕೊರೆದು ಟೊಳ್ಳು ಮಾಡಿ, ಫೆರೂಲನ್ನು ಗಿಡ್ಡಗೊಳಿಸಿ ತೂಕ ಇಳಿಸಿದರು. ಸರಿತ ಪೂರ್ತಿ ಹೋಗಲಿಲ್ಲ, ಗಮನಾರ್ಹವಾಗಿ ತಗ್ಗಿತು.

ಅಲ್ಲಿಂದ ಹಾದಿ ನೇರ. 2016ರಲ್ಲಿ ಅದೇ ಕಂಪನಿಯ ಕಾರ್ಬನ್ ಫೈಬರ್ ಶಾಫ್ಟ್ ‘ರೆವೊ’ ಬಂತು; ಬೇರೆ ಕಂಪನಿಗಳೂ ಸಾಲುಗಟ್ಟಿದವು. ಕಪ್ಪು, ನುಣುಪು, ಬಾಗದು, ಊದಿಕೊಳ್ಳದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೇಪಲ್ ಶಾಫ್ಟನ್ನು ಮಳೆಗಾಲದ ತೇವದಿಂದ, ಕಾರಿನ ಬಿಸಿಲಿನಿಂದ ಕಾಪಾಡುತ್ತ ಬಂದವರಿಗೆ ಇದು ಬಿಡುಗಡೆ. ಟಿಪ್ ಕೂಡ ಬದಲಾಯಿತು: ಒಂದೇ ತುಂಡು ಚರ್ಮದ ಬದಲು ಹಂದಿ ಚರ್ಮದ ತೆಳು ಪದರಗಳನ್ನು ಒತ್ತಿ ಮಾಡಿದ್ದು. ಜಪಾನಿನ ಮೂರಿ, ಕಮುಯಿ ಹೆಸರುಗಳು ಇಲ್ಲಿ ಮುಂದು. ಆಟ ತೆರೆಯುವ ಬ್ರೇಕ್ ಹೊಡೆಯಲು ಬೇರೆ ಕ್ಯೂ, ಚೆಂಡನ್ನು ನೆಗೆಸಲು ಗಿಡ್ಡ ಕ್ಯೂ. ಹಿಂದೆ ಒಂದೇ ಕೋಲು ಮಾಡುತ್ತಿದ್ದ ಕೆಲಸ ಮೂರಕ್ಕೆ ಹಂಚಿಹೋಯಿತು.

ಹಳೆ ಮೇಪಲ್‌ನವರ ದೂರು ಒಂದೇ, ಸದ್ದಿನದು. ಒಳ್ಳೆಯ ಮೇಪಲ್ ಶಾಫ್ಟ್ ತಾಗಿದಾಗ ಬರುವ ಸದ್ದಿಗೆ ಮೈ ಇದೆ. ಪೆಟ್ಟು ಅಂಗೈಗೆ ಬರುವಾಗ ಕೊಂಚ ನಡುಕವನ್ನೂ ತರುತ್ತದೆ. ಆ ನಡುಕದಲ್ಲಿ ಆಟಗಾರನಿಗೆ ಸುದ್ದಿಯಿದೆ: ಚೆಂಡಿಗೆ ಎಲ್ಲಿ ತಾಗಿತು, ಎಷ್ಟು ಹಿಡಿಯಿತು. ಕಾರ್ಬನ್ ಆ ಸುದ್ದಿಯನ್ನು ಚುಟುಕಾಗಿಸುತ್ತದೆ. ಟೊಳ್ಳಿನಲ್ಲಿ ಫೋಮ್ ತುಂಬಿ, ಮರದ ಚೂರು ಸೇರಿಸಿ, ತಯಾರಕರು ಈಗ ಹರಸಾಹಸದಿಂದ ಮರದ ಸದ್ದನ್ನು ಮತ್ತೆ ತರಲು ನೋಡುತ್ತಿದ್ದಾರೆ. ಚೆಂಡಿಗೆ ಬೇಡವಾದದ್ದನ್ನು ಕಿವಿಗಾಗಿ ಮರಳಿ ಕೂಡಿಸುವುದು! ಇದನ್ನು ಸೋಲೆಂದು ನಾನು ಎಣಿಸಲಾರೆ. ಅಳತೆಗೆ ಸಿಕ್ಕದ್ದನ್ನು ಸುಧಾರಿಸಿದ ಮೇಲೆ, ಅಳತೆಗೆ ಸಿಗದ್ದು ಬಾಕಿ ಉಳಿದಿದೆ ಎಂದು ಕಸುಬು ಒಪ್ಪಿಕೊಂಡ ಕ್ಷಣ ಅದು.

ಬೆಂಗಳೂರಿನಲ್ಲಿ ಈ ಮಾತು ಆಡುವಾಗ ಸ್ನೂಕರ್ ನೆನಪಾಗದೆ ಇರದು. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ಹುಟ್ಟಿ, ಊಟಿಯ ಕ್ಲಬ್ಬಿನಲ್ಲಿ ನಿಯಮ ಪಡೆದ ಆಟ ಅದು. ಆಟಗಾರ ಪಂಕಜ್ ಅಡ್ವಾಣಿಯವರಿಂದಾಗಿ ಇಲ್ಲಿ ಮನೆಮಾತಾಯಿತು. ಸ್ನೂಕರ್ ಕ್ಯೂವಿನ ಮೈ ಆಶ್ ಮರ, ಫೆರೂಲ್ ಹಿತ್ತಾಳೆ, ಟಿಪ್ ಒಂಬತ್ತೂವರೆ ಮಿಲಿಮೀಟರಿನ ಆಸುಪಾಸು. ಚೆಂಡೂ ಚಿಕ್ಕದು, ಐವತ್ತೆರಡೂವರೆ ಮಿಲಿಮೀಟರ್. ಪೂಲ್ ಚೆಂಡು ಐವತ್ತೇಳು. ಆಶ್ ಮರದ ಬಾಣದಾಕಾರದ ಗೆರೆಗಳನ್ನು ಮೇಲ್ಮುಖವಾಗಿ ಹಿಡಿದು ಗುರಿ ನೋಡುವ ಸ್ನೂಕರ್ ಆಟಗಾರರಿಗೆ ಲಂಡನ್ನಿನ ಜಾನ್ ಪ್ಯಾರಿಸ್ ಅವರಂಥ ಕುಶಲಿಗಳು ಕೈಯಲ್ಲೇ ತೋಪಡ ಹಿಡಿದು ಕ್ಯೂ ಮಾಡಿಕೊಡುತ್ತ ಬಂದಿದ್ದಾರೆ. ಅಲ್ಲಿಯೂ ಕೈಯಿಂದ ಬೆಣೆಗೂಡಿಸಿದ ನಾಲ್ಕು ಕರಿ ಪಾಯಿಂಟ್‌ಗಳೇ ಹೆಮ್ಮೆ. ಆಟ ಬೇರೆ, ಮರ ಬೇರೆ. ಆದರೆ ಬೆಣೆ ಮೂಡಿಸುವ ಗೆರೆ ಎರಡೂ ಕಡೆ ಒಂದೇ.

ಈಗ ಎರಡು ತುಂಡುಗಳನ್ನೂ ಕೂಡಿಸಿ ನೋಡೋಣ. ವಿಜ್ಞಾನ ಕೊಟ್ಟ ತೀರ್ಪು ನೇರವಾಗಿದೆ. ಚೆಂಡಿನ ಸರಿತಕ್ಕೆ ಮುಂದಿನ ಕೆಲವು ಇಂಚು ಮಾತ್ರ ಲೆಕ್ಕ. ಬಟ್‌ನಿಂದ ಚೆಂಡಿಗೆ ಸಲ್ಲುವುದು ಒಟ್ಟು ತೂಕ. ಎಬೊನಿ, ಮುತ್ತಿನ ಚಿಪ್ಪು, ನಾಲ್ಕು ಬಣ್ಣದ ವೆನೀರ್ ಯಾವುದೂ ಅದಕ್ಕೆ ತಿಳಿಯದು. ಇದನ್ನು ಕೇಳಿ ಹಿಂದಿನ ತುಂಡು ಬರಿಯ ಆಡಂಬರ ಎಂದು ಯಾರಾದರೂ ತೀರ್ಮಾನಿಸಿದರೆ, ಅವರು ಆಟವನ್ನು ಚೆಂಡಿನ ಕಡೆಯಿಂದ ಮಾತ್ರ ನೋಡಿದ್ದಾರೆ. ಕೋಲಿನ ಒಂದು ತುದಿಯಲ್ಲಿ ಚೆಂಡು, ಇನ್ನೊಂದು ತುದಿಯಲ್ಲಿ ಮನುಷ್ಯ. ಮನುಷ್ಯನ ಕೈಗೆ ಹಿಡಿಯ ಒರಟು ಬೇಕು, ಕಣ್ಣಿಗೆ ನೇರ ಗೆರೆ ಬೇಕು, ಒತ್ತಡದ ಹೊಡೆತಕ್ಕೆ ಬಾಗುವಾಗ ಇದು ನನ್ನದು ಎಂಬ ಧೈರ್ಯ ಬೇಕು. ಹಿಂದಿನ ತುಂಡು ಆ ಮನುಷ್ಯನಿಗಾಗಿ ಬೆಳೆಯಿತು, ಆದ್ದರಿಂದ ನೆನಪುಗಳನ್ನು ಒಂದೊಂದಾಗಿ ಕೂಡಿಸಿಕೊಂಡಿತು. ಮುಂದಿನ ತುಂಡು ಚೆಂಡಿಗಾಗಿ ಬೆಳೆಯಿತು, ಆದ್ದರಿಂದ ತೂಕ, ಎಳೆ, ಕೊನೆಗೆ ಮರವನ್ನೂ ಒಂದೊಂದಾಗಿ ಬಿಟ್ಟುಕೊಟ್ಟಿತು.

ಇವೆರಡನ್ನೂ ಒಂದೇ ಕೋಲಿನಲ್ಲಿ ಬಾಳಿಸುವುದು ನಡುವಿನ ತಿರುಪು. ಪೂಲ್ ಕ್ಯೂವಿನ ನಿಜವಾದ ಆವಿಷ್ಕಾರ ಅದೇ ಎಂದು ನನ್ನ ಎಣಿಕೆ. ಐವತ್ತೆಂಟು ಇಂಚಿನ ಕೋಲನ್ನು ಪೆಟ್ಟಿಗೆಯಲ್ಲಿ ಒಯ್ಯಲು ಸುಲಭವಾಗಲಿ ಎಂದು ಎರಡಾಗಿಸಿದರು. ಅದರಿಂದ ಯಾರೂ ಎಣಿಸದ ಲಾಭವೊಂದು ದಕ್ಕಿತು. ಇಡೀ ವಸ್ತುವನ್ನು ಎಸೆಯದೆ ಅರ್ಧವನ್ನು ಮಾತ್ರ ಬದಲಿಸಬಹುದಾಯಿತು. ಐವತ್ತು ವರ್ಷ ಹಳೆಯ ಬಟ್‌ಗೆ, ತಿರುಪಿನ ಅಳತೆ ಹೊಂದಿದರೆ, ನಿನ್ನೆ ಮಾಡಿದ ಕಾರ್ಬನ್ ಶಾಫ್ಟ್ ಕೂರುತ್ತದೆ. ಸಂಪ್ರದಾಯಕ್ಕೂ ಪ್ರಯೋಗಕ್ಕೂ ಜಗಳ ಬಂದಾಗ ಬಹಳಷ್ಟು ಕಸುಬುಗಳು ಒಂದನ್ನು ಕಳೆದುಕೊಂಡಿವೆ. ಕ್ಯೂ ಮಾಡುವವರಿಗೆ ಆ ಪ್ರಸಂಗ ಬರಲಿಲ್ಲ. ಒಳ್ಳೆಯ ಕ್ಯೂ ಯಾವುದು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮುಂದಿನ ತುಂಡನ್ನು ಹೊಡೆದು ಆರಿಸಿಕೊಳ್ಳಿ, ಹಿಂದಿನ ತುಂಡನ್ನು ನೋಡಿ ಆರಿಸಿಕೊಳ್ಳಿ, ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಬೇಡಿ.